ಮೊದಲು ಮಲಗಿ ನೋಡುವ ಕರ್ಟನ್ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಪುಟ್ಟ ಮನೆಯೊಂದರ ಮಂಚದ ಮೇಲೆ, ಆ ಮನೆಗೆ ಯಾವ ಸಂಬಂಧವೂ ಇಲ್ಲದ ಹೆಂಗಸೊಬ್ಬರು ಅಂಗಾತ ಮಲಗಿದ್ದಾರೆ. ಕೊರಳಲ್ಲಿ ಅಳತೆ ಟೇಪು, ತೋಳಿಗೆ ಚುಚ್ಚಿಕೊಂಡ ನಾಲ್ಕು ಗುಂಡುಪಿನ್ನು. ಕಣ್ಣು ಮಾತ್ರ ಪೂರ್ತಿ ತೆರೆದಿದೆ. ಮಂಚದ ಒಡತಿ ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತಿದ್ದಾರೆ. ನಾನು ನೋಟ್‌ಬುಕ್ ಹಿಡಿದು ಗೋಡೆಗೆ ಒರಗಿದ್ದೇನೆ. ಉಸಿರು ಬಿಡುವುದಕ್ಕೂ ಭಯ.

"ಯಾರೂ ಲೈಟ್ ಹಾಕ್ಬೇಡಿ. ಬೆಳಕು ಎಲ್ಲಿಂದ ಬರುತ್ತೆ, ಎಲ್ಲಿ ಕೂರುತ್ತೆ ನೋಡ್ಬೇಕು" ಎನ್ನುತ್ತಾರೆ ಮಲಗಿದವರು.

ಇವರೇ ಕರ್ಟನ್ ಅಕ್ಕ. ಅಸಲಿ ಹೆಸರು ಕೇಳಿದರೆ, "ಅದು ರೇಷನ್ ಕಾರ್ಡಲ್ಲಿದೆ, ಅಲ್ಲೇ ಇರ್ಲಿ ಬಿಡಿ" ಎಂದು ನಗುತ್ತಾರೆ. ಕಿಟಕಿಗೆ ಪರದೆ, ಮಂಚಕ್ಕೆ ಹಾಸಿಗೆ, ತಲೆಗೆ ದಿಂಬು ಆರಿಸಿ, ಹೊಲಿದು, ಹಾಕಿಕೊಟ್ಟು, ಆರು ತಿಂಗಳಿಗೊಮ್ಮೆ ಬಂದು ಅವು ಹೇಗಿವೆ ಎಂದು ವಿಚಾರಿಸಿಕೊಂಡು ಹೋಗುವುದು ಇವರ ಕೆಲಸ. ಇಪ್ಪತ್ನಾಲ್ಕು ವರ್ಷಗಳಿಂದ ಹೀಗೇ ನಡೆದಿದೆ. ಕೆಲಸಕ್ಕೆ ಬಂದವರು ಬಂದ ಕೂಡಲೇ ಮಲಗಿಬಿಡುವುದನ್ನು ನಾನು ಕಂಡಿದ್ದು ಇದೇ ಮೊದಲು.

ಟೀ ಲೋಟ ಹಿಡಿದು ನಿಂತವರು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನ ನರ್ಸ್. ರಾತ್ರಿ ಪಾಳಿ ಇವರದು, ಇವತ್ತು ವಾರದ ರಜೆ. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು ಮಧ್ಯಾಹ್ನ ಎರಡರವರೆಗೆ ಮಲಗಬೇಕು. ಆದರೆ ಈ ಮನೆಗೆ ಬಂದ ನಾಲ್ಕು ತಿಂಗಳಿಂದ ಹತ್ತು ಗಂಟೆಯಾದರೆ ಸಾಕು, ಜಪ್ಪಯ್ಯ ಅಂದರೂ ನಿದ್ದೆ ಇಲ್ಲ. ಕಳೆದ ತಿಂಗಳು ಒಂದು ಮಗುವಿಗೆ ಕೊಡಬೇಕಾದ ಔಷಧಿಯನ್ನು ಪಕ್ಕದ ಹಾಸಿಗೆಯ ಮಗುವಿನ ಬಾಯಿಯ ತನಕ ಒಯ್ದು, ಕೈಪಟ್ಟಿಯ ಹೆಸರು ಕಂಡು ತಡೆದರಂತೆ. ಯಾರೂ ನೋಡಿರಲಿಲ್ಲ. ತಾವೇ ಹೋಗಿ ಹಿರಿಯ ನರ್ಸಿಗೆ ಹೇಳಿಕೊಂಡಿದ್ದಾರೆ. ಈ ತಿಂಗಳ ಕೊನೆಯೊಳಗೆ ನಿದ್ದೆ ಸರಿಹೋಗದಿದ್ದರೆ ವಾರ್ಡ್ ಬಿಟ್ಟು ದಾಖಲೆ ಕೋಣೆಗೆ ಹೋಗಬೇಕು ಎಂದು ಅವರು ಹೇಳಿದ್ದಾರೆ. "ಅವರು ಹೇಳಿದ್ದು ಸರಿಯೇ" ಎನ್ನುತ್ತಾರೆ ನರ್ಸ್. "ಆದ್ರೆ ಆ ಮಕ್ಕಳನ್ನ ಬಿಟ್ಟು ನಾನು ಕಾಗದ ಜೋಡಿಸ್ಕೊಂಡು ಹೇಗಿರ್ಲಿ?" ಅಂದಾಗ ಅವರ ಕಣ್ಣು ತುಂಬುತ್ತದೆ.

ಅಕ್ಕ ಎದ್ದು ಕೂರುತ್ತಾರೆ. "ಪಶ್ಚಿಮದ ಕಿಟಕಿ. ಮಧ್ಯಾಹ್ನದ ತನಕ ಬಿಸಿಲು ಈ ಕಡೆ ತಲೆ ಹಾಕಲ್ಲ. ಸುಲಭದ ಕೆಲಸ, ಸಿಸ್ಟರ್. ನಿದ್ದೆ ಬರ್ಲಿಲ್ಲ ಅಂದ್ರೆ ನನ್ನ ಕರ್ಟನ್ ನಾನೇ ಬಿಚ್ಕೊಂಡು ಹೋಗ್ತೀನಿ." ಆ ಮಾತನ್ನು ನಾನು ಹಾಗೇ ಬರೆದುಕೊಳ್ಳುತ್ತೇನೆ.

ಅಕ್ಕನ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆಯ ಥಾನು, ಮೂಲೆಯಲ್ಲಿ ಹತ್ತಿಯ ಮೂಟೆ. ಮೂಟೆಯ ಪಕ್ಕದಲ್ಲಿ ಎಪ್ಪತ್ತೊಂಬತ್ತು ವರ್ಷದ ಅತ್ತೆ ಕೂತಿರುತ್ತಾರೆ. ಒಂದು ಕಾಲಕ್ಕೆ ಬೀದಿ ಬೀದಿ ತಿರುಗಿ ಹಳೆ ಹಾಸಿಗೆಯ ಹತ್ತಿ ಹಿಂಜಿ ಹೊಸದು ಮಾಡಿಕೊಟ್ಟವರು. ಈಗ ಕಣ್ಣು ಮಂಜು. ಆದರೂ ಸೊಸೆ ಹೊಲಿದ ಒಂದೊಂದು ಅಂಚನ್ನೂ ಬೆರಳಲ್ಲಿ ಸವರಿ ನೋಡದೆ ಹೊರಗೆ ಬಿಡುವುದಿಲ್ಲ.

"ಇಲ್ಲಿ ಒಂದು ಹೊಲಿಗೆ ಹಾರಿದೆ ನೋಡೇ" ಎನ್ನುತ್ತಾರೆ ಅತ್ತೆ.

"ಎಲ್ಲೂ ಹಾರಿಲ್ಲ ಅತ್ತೆ, ನಿಮ್ಮ ಉಗುರು ಸಿಕ್ಕಿರ್ಬೇಕು" ಎನ್ನುತ್ತಾ ಸೊಸೆ ಬಂದು ನೋಡುತ್ತಾರೆ. ಹೊಲಿಗೆ ಹಾರಿರುತ್ತದೆ.

ದಿಂಬಿನ ಅಂಚಿಗೆ ಒಂದು ಹುರಿ ಇಟ್ಟು ಹೊಲಿಯುವುದು ಎಲ್ಲರ ಪದ್ಧತಿ. ಈ ಮನೆಯಲ್ಲಿ ಎರಡು. ಒಂದು ಸವೆದರೂ ಇನ್ನೊಂದು ಹತ್ತಿಯನ್ನು ಹಿಡಿದಿಟ್ಟುಕೊಳ್ಳಲಿ ಎಂದು ಅತ್ತೆ ಹಾಕಿಕೊಟ್ಟ ಲೆಕ್ಕ. ಊರೆಲ್ಲ ಹುಡುಕಿದರೂ ಜೋಡಿ ಹುರಿಯ ದಿಂಬು ಈ ಇಬ್ಬರದೇ.

ಮಲಗಿ ನೋಡುವ ಅಭ್ಯಾಸ ಬಂದಿದ್ದು ಗಂಡನಿಂದ. ಅಕ್ಕನ ಯಜಮಾನರು ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಎಂಟು ತಿಂಗಳು ಮಲಗಿದಲ್ಲೇ ಇದ್ದರು. ಮಗಳಿನ್ನೂ ಎರಡು ವರ್ಷದ ಕೂಸು. ಹಗಲೆಲ್ಲ ಮಂದಿಯ ಬಟ್ಟೆ ಹೊಲಿದು, ಗಂಡನ ಸೇವೆ ಮಾಡಿ ಅಕ್ಕ ಹಣ್ಣಾಗಿದ್ದರು. ಯಜಮಾನರು ಮಾತ್ರ ದಿನಾ ಬೆಳಿಗ್ಗೆ ಸಿಡುಕುತ್ತಿದ್ದರಂತೆ.

"ಅನ್ನ ಸರಿ ಇಲ್ವಾ, ನಾನು ಸರಿ ಇಲ್ವಾ ಅಂತ ಜಗಳ ಆಡಿದ್ದೀನಿ ಮೇಡಂ. ಒಂದಿನ ಸುಸ್ತಾಗಿ ಅವರ ಪಕ್ಕ ಹೋಗಿ ಬಿದ್ಕೊಂಡೆ. ಆರು ಗಂಟೆಗೆ ಬಿಸಿಲು ಚುಚ್ಚಿದ ಹಾಗೆ ನೆಟ್ಟಗೆ ಕಣ್ಣಿಗೇ ಬಂತು. ಅಯ್ಯೋ, ಮನುಷ್ಯ ಆರು ತಿಂಗಳಿಂದ ಇದನ್ನ ತಡ್ಕೊಂಡಿದ್ದಾರಲ್ಲ ಅನ್ನಿಸ್ತು. ಹಳೇ ಬೆಡ್‌ಶೀಟ್ ಎರಡು ಮಡಿಕೆ ಮಾಡಿ ಕಟ್ಟಿದೆ. ಮಾರನೇ ದಿನ ಒಂಬತ್ತರ ತನಕ ಮಲಗಿದ್ರು. ಎದ್ದು ನಕ್ರು." ಅದು ಅಕ್ಕನ ಮೊದಲ ಪರದೆ. ಯಜಮಾನರು ಈಗ ಗಟ್ಟಿಮುಟ್ಟಾಗಿದ್ದಾರೆ, ಗೋಡೆ ಕೊರೆದು ರಾಡ್ ಹಾಕುವುದು ಅವರೇ. "ಗೋಡೆ ಕೊರೆಯೋದು ನಾನು, ತಲೆ ಕೊರೆಯೋದು ಇವಳು" ಎಂದು ಅವರ ತಮಾಷೆ.

ದಿನಕ್ಕೆ ಮೂರು ಮನೆ, ಹತ್ತಿರ ಹತ್ತಿರ ಹನ್ನೆರಡು ಕಿಲೋಮೀಟರ್ ನಡಿಗೆ, ನಲವತ್ತೈವತ್ತು ಕೊಕ್ಕೆ, ಲೆಕ್ಕವಿಲ್ಲದಷ್ಟು ಮೆಟ್ಟಿಲು. ಬಟ್ಟೆ ಆರಿಸುವಾಗ ಅಕ್ಕ ಅಂಗಡಿಯವನ ಮಾತಿಗೆ ಕಿವಿಗೊಡುವುದಿಲ್ಲ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ಹಿಂದೆ ಅಂಗೈ ಇಡುತ್ತಾರೆ. "ಬೆರಳು ಎಣಿಸೋಕೆ ಬಂದ್ರೆ ಹಾಲ್‌ಗೆ. ಬರದಿದ್ರೆ ಮಲಗೋ ಕೋಣೆಗೆ." ಹೊದಿಕೆಯನ್ನು ಕೈಯಲ್ಲಿ ಮುಟ್ಟಿ ನೋಡುವವರನ್ನು ಕಂಡರೆ ಇವರಿಗೆ ನಗು. ಕೆಲಸ ಮಾಡಿ ಮಾಡಿ ಒರಟಾದ ಕೈಗೆ ಏನು ಗೊತ್ತಾದೀತು, ಕೆನ್ನೆಗೆ ಉಜ್ಜಿ ನೋಡಿ ಎನ್ನುತ್ತಾರೆ. ದಿಂಬನ್ನು ನಡುವೆ ಮಡಚಿ ಬಿಡಬೇಕು. ತಾನಾಗಿ ಬಿಚ್ಚಿಕೊಂಡರೆ ಇನ್ನೂ ಜೀವವಿದೆ. ಮಡಚಿದ ಹಾಗೇ ಬಿದ್ದಿದ್ದರೆ ಹತ್ತಿ ಬದಲಾಯಿಸುವ ಕಾಲ ಬಂತು ಅಂತ. ಹಾಸಿಗೆಯನ್ನು ತಿಂಗಳಿಗೊಮ್ಮೆ ತಲೆ ಕಾಲು ತಿರುಗಿಸಬೇಕು. ಪರದೆಯನ್ನು ಒಗೆದು ಹಸಿಯಾಗಿರುವಾಗಲೇ ರಾಡಿಗೆ ಹಾಕಿದರೆ ತನ್ನ ಭಾರಕ್ಕೆ ತಾನೇ ಸುಕ್ಕು ಬಿಡಿಸಿಕೊಳ್ಳುತ್ತದೆ, ಇಸ್ತ್ರಿಯ ಗೊಡವೆ ಇಲ್ಲ. ಇಷ್ಟು ಹೇಳಿ ನನ್ನ ಕಡೆ ತಿರುಗುತ್ತಾರೆ. "ನಿಮ್ಮನೆ ಕರ್ಟನ್ ಒಗೆದು ಎಷ್ಟು ದಿನ ಆಯ್ತು ಮೇಡಂ?" ನನ್ನ ಉತ್ತರವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ನನಗೆ ಧೈರ್ಯವಿಲ್ಲ.

ಹೊಸ ಬಟ್ಟೆ ಬಂದರೆ ಮೊದಲು ಅದಕ್ಕೆ ಸ್ನಾನ. ನೆನೆಸಿ, ಒಣಗಿಸಿದ ಮೇಲೇ ಕತ್ತರಿ. ಈ ಕಟ್ಟುನಿಟ್ಟಿನ ಹಿಂದೆ ಒಂದು ಅವಮಾನದ ಕತೆಯಿದೆ. ಶುರುವಿನ ದಿನಗಳಲ್ಲಿ ಹಾಸ್ಟೆಲೊಂದರ ಮೂವತ್ತೆರಡು ಕಿಟಕಿಯ ಕೆಲಸ ಸಿಕ್ಕಿತು. ಅವಸರಕ್ಕೆ ಬಿದ್ದು ಅಕ್ಕ ನೆನೆಸದೆ ಕತ್ತರಿಸಿದರು. ಮೊದಲ ಒಗೆತಕ್ಕೇ ಮೂವತ್ತೆರಡೂ ನಾಲ್ಕು ನಾಲ್ಕು ಬೆರಳು ಮೇಲೆ ಹೋದವು, ಬೆಳೆದ ಮಗ ಹಳೇ ಪ್ಯಾಂಟು ಹಾಕಿದ ಹಾಗೆ. "ಮುಖ ಎಲ್ಲಿಡ್ಲಿ ಅನ್ನೋ ಹಾಗಾಯ್ತು. ಅತ್ತೆ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು." ಅತ್ತೆ ಸೊಸೆ ಕೂತು ಮೂವತ್ತೆರಡಕ್ಕೂ ಕೆಳಗೆ ಬೇರೆ ಬಣ್ಣದ ಪಟ್ಟಿ ಕೊಟ್ಟರು. ಹಾಸ್ಟೆಲಿನವರು ಅದನ್ನೇ ಹೊಸ ಫ್ಯಾಶನ್ ಎಂದುಕೊಂಡು ಮೆಚ್ಚಿದರಂತೆ.

ನರ್ಸಿನ ಮನೆಗೆ ಪರದೆ ಹಾಕಿದ ನಾಲ್ಕನೇ ದಿನ ಅಕ್ಕನಿಗೆ ಫೋನ್ ಬರುತ್ತದೆ. ನಾನು ಆಗ ಅಲ್ಲೇ ಇದ್ದೇನೆ. ಫೋನ್ ಇಟ್ಟ ಅಕ್ಕನ ಮುಖ ಸಪ್ಪಗಾಗಿದೆ. "ಹತ್ತು ಗಂಟೆಗೇ ಎಚ್ಚರ ಆಗ್ತಿದೆಯಂತೆ. ಒಂದು ಚೂರೂ ಬದಲಾಗಿಲ್ವಂತೆ."

ಇಪ್ಪತ್ನಾಲ್ಕು ವರ್ಷದಲ್ಲಿ ಯಾರೂ ಹೀಗೆ ಹೇಳಿದ್ದಿಲ್ಲ. ಯಂತ್ರದ ಮುಂದೆ ಸುಮ್ಮನೆ ಕೂತ ಸೊಸೆಯನ್ನು ಅತ್ತೆ ಕೇಳುತ್ತಾರೆ: "ಅವಳು ಮಲಗೋದು ಯಾವಾಗ?"

"ಎಂಟರಿಂದ ಎರಡು."

"ನೀನು ಮಲಗಿ ನೋಡಿದ್ದು?"

ಅಕ್ಕ ಹಣೆ ಚಚ್ಚಿಕೊಂಡು ಚಪ್ಪಲಿ ಹುಡುಕುತ್ತಾರೆ. ಎಲ್ಲರೂ ಬೆಳಗಾದರೆ ಏಳುವವರು ಎಂದು ಮುಂಜಾನೆಯೇ ಮಲಗಿ ನೋಡುವುದು ಕೈಗೆ ಬಂದ ಅಭ್ಯಾಸ, ಬೆಳಗಾದ ಮೇಲೆ ಮಲಗುವವರ ಮನೆಯಲ್ಲೂ ಅದನ್ನೇ ನಡೆಸಿಬಿಟ್ಟಿದ್ದರು.

ಮಾರನೇ ದಿನ ಒಂಬತ್ತೂವರೆಗೆ ಅಕ್ಕ ಮತ್ತೆ ಅದೇ ಮಂಚದ ಮೇಲಿದ್ದಾರೆ. ಕೆಂಪು ಕಣ್ಣಿನ ನರ್ಸ್ ಕುರ್ಚಿಯಲ್ಲಿ. ಕೋಣೆ ನಸುಗತ್ತಲು. ಹತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಕಿಟಕಿಯ ಮೇಲಿನ ಚಿಕ್ಕ ವೆಂಟಿಲೇಟರಿನಿಂದ ಒಂದು ಬಿಳಿ ಪಟ್ಟೆ ಇಳಿದು ಬಂದು ನೇರ ದಿಂಬಿನ ಮೇಲೆ ಕೂರುತ್ತದೆ. ಪಶ್ಚಿಮದಲ್ಲಿ ಬೆಳಗಿನ ಬಿಸಿಲು! ಅಕ್ಕ ದಡಕ್ಕನೆ ಎದ್ದು ಪರದೆ ಸರಿಸುತ್ತಾರೆ. ಎದುರು ಕಟ್ಟಡದ ಮುಂಭಾಗ ಪೂರ್ತಿ ಗಾಜು. ನಮ್ಮ ಬೆನ್ನ ಹಿಂದಿನ ಸೂರ್ಯ ಆ ಗಾಜಿಗೆ ಬಡಿದು ಈ ಕೋಣೆಗೆ ಹೊರಳುತ್ತಿದ್ದಾನೆ. ಮುಂಜಾನೆ ಕತ್ತಲಿದ್ದ ವೆಂಟಿಲೇಟರನ್ನು ಅಕ್ಕ ಅಳತೆಗೇ ಸೇರಿಸಿರಲಿಲ್ಲ.

"ತಪ್ಪು ನನ್ನದು ಸಿಸ್ಟರ್" ಎನ್ನುತ್ತಾರೆ ಅಕ್ಕ. ಸಬೂಬು ಒಂದೂ ಇಲ್ಲ. ಅಲ್ಲೇ ನಿಂತು ಪರದೆಯನ್ನು ಬಿಚ್ಚಿ ಮಡಚುತ್ತಾರೆ. "ಬಿಚ್ಕೊಂಡು ಹೋಗ್ತೀನಿ ಅಂದಿದ್ದೆ. ವಾಪಸ್ ತರ್ತೀನಿ ಅಂತಾನೂ ಈಗ ಹೇಳ್ತಿದ್ದೀನಿ."

ತಿಂಗಳು ಮುಗಿಯಲು ಒಂಬತ್ತು ದಿನ. ಸೂರಿನ ಹತ್ತಿರದಿಂದ ಇಳಿದು, ವೆಂಟಿಲೇಟರು ಕಿಟಕಿ ಎರಡನ್ನೂ ಮುಚ್ಚಿ, ಎರಡೂ ಬದಿಗೆ ಒಂದೊಂದು ಗೇಣು ಗೋಡೆಯ ಮೇಲೂ ಹರಡುವ ಒಂದೇ ಉದ್ದನೆಯ ಪರದೆ ಬೇಕು. ಒಳಗೆ ದಪ್ಪ ಬಟ್ಟೆಯ ಅಸ್ತರು. ಬಟ್ಟೆ ಬರುತ್ತದೆ, ನೆನೆಯುತ್ತದೆ. ಅಷ್ಟರಲ್ಲಿ ಮೋಡ! ಎರಡು ದಿನ ಬಿಸಿಲೇ ಇಲ್ಲ, ಬಟ್ಟೆ ಒಣಗುವ ಲಕ್ಷಣವಿಲ್ಲ. ಎರಡನೇ ಸಂಜೆ ಅಕ್ಕ ಕತ್ತರಿ ಕೈಗೆತ್ತಿಕೊಳ್ಳುವುದನ್ನು ನಾನೇ ಕಂಡೆ.

ಅತ್ತೆ ನಿಧಾನವಾಗಿ ಎದ್ದು ಬಂದು, ಬಟ್ಟೆಯ ಒಂದು ಕೊನೆ ಹಿಡಿದು ನೋಡಿ, ಅದರ ಮೇಲೇ ಕೂತುಬಿಟ್ಟರು. "ಹಸಿ ಬಟ್ಟೆಗೆ ಕತ್ತರಿ ಹಾಕೋದಿದ್ರೆ ನನ್ನನ್ನೂ ಸೇರಿಸಿ ಕತ್ತರಿಸು."

"ಅತ್ತೆ, ನಿಮಗೆ ಶೀತ ಆಗುತ್ತೆ, ಏಳಿ!"

"ಆಗ್ಲಿ."

ಸೊಸೆ ಕತ್ತರಿ ಕೆಳಗಿಟ್ಟರು. ಮೂರನೇ ದಿನ ಬಿಸಿಲು ಬಂತು. ನಾಲ್ಕನೇ ದಿನ ಯಜಮಾನರು ಗೋಡೆ ಕೊರೆದರು, ಅಕ್ಕ ಪರದೆ ಏರಿಸಿದರು. ಜೊತೆಗೆ, ಕೇಳದಿದ್ದರೂ, ಒಂದು ಹೊಸ ದಿಂಬು.

ಆಮೇಲೆ ಐದು ದಿನ ಅಕ್ಕನಿಗೇ ನಿದ್ದೆ ಇಲ್ಲ. ಫೋನ್ ಮಾಡಿ ಕೇಳೋಣವೆಂದರೆ, ಫೋನಿನ ಸದ್ದಿಗೇ ಅವರಿಗೆ ಎಚ್ಚರವಾದರೆ? ಆ ಕಡೆಯಿಂದಲೂ ಸುದ್ದಿಯಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಕೈ ನಿಲ್ಲಿಸಿ ನನಗೆ ಹೇಳುತ್ತಾರೆ: "ಅಂಗಿಗಾದ್ರೆ ದರ್ಜಿ ತನ್ನ ಅಂಗಡಿ ಹೆಸರಿನ ಪಟ್ಟಿ ಹೊಲೀತಾನೆ. ಕರ್ಟನ್ ನೋಡಿ, ದಿಂಬು ನೋಡಿ, ಯಾರು ಮಾಡಿದ್ದು ಅಂತ ಯಾರೂ ಕೇಳಲ್ಲ. ಅದು ಬೇಜಾರಿಲ್ಲ ನಂಗೆ. ಅವರು ಮಲಗಿದ್ರೆ ಸಾಕು ಮೇಡಂ, ಇನ್ನೇನೂ ಬೇಡ."

ತಿಂಗಳ ಕೊನೆಯ ದಿನ ತಡೆಯಲಾರದೆ ಹೊರಟೇಬಿಡುತ್ತಾರೆ. ಮೂರು ಮಹಡಿ ಹತ್ತಿ ಬಾಗಿಲ ಮುಂದೆ ನಿಂತಾಗ ಹನ್ನೊಂದೂವರೆ. ನಾನು ಬೆಲ್ಲಿನತ್ತ ಕೈ ಎತ್ತುತ್ತೇನೆ. ಅಕ್ಕ ಗಪ್ಪನೆ ನನ್ನ ಮಣಿಕಟ್ಟು ಹಿಡಿದು ಬಾಗಿಲಿಗೆ ಕಿವಿ ಇಡುತ್ತಾರೆ. ಒಳಗೆ ಸದ್ದಿಲ್ಲ. ಮೆಟ್ಟಿಲ ಮೇಲೆ ಕೂರುತ್ತೇವೆ. ಪಕ್ಕದ ಮನೆಯಾಕೆ ಬಂದು, "ಬೆಲ್ ಹೊಡೀರಿ, ಒಳಗೇ ಇದ್ದಾರೆ" ಎಂದು ಗಟ್ಟಿಯಾಗಿ ಹೇಳಿದಾಗ ಅಕ್ಕ ಹುಬ್ಬು ಗಂಟಿಕ್ಕಿ ತುಟಿಗೆ ಬೆರಳಿಡುತ್ತಾರೆ. ಹನ್ನೆರಡಾಗುತ್ತದೆ. ಒಂದಾಗುತ್ತದೆ. ನನ್ನ ಹೊಟ್ಟೆ ತಾಳ ಹಾಕುತ್ತಿದೆ. ಅಕ್ಕನ ಮುಖ ಮಾತ್ರ ಗಂಟೆ ಗಂಟೆಗೂ ಅರಳುತ್ತಿದೆ.

ಎರಡೂ ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಕೆದರಿದ ತಲೆಯ ನರ್ಸ್ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಗ್ಗಿದವರು ನಮ್ಮನ್ನು ಕಂಡು ಬೆಚ್ಚುತ್ತಾರೆ.

"ಅಯ್ಯೋ ಅಕ್ಕ! ಎಷ್ಟು ಹೊತ್ತಾಯ್ತು ಬಂದು? ಬೆಲ್ ಹೊಡೀಬಾರ್ದಾ? ಐದು ದಿನದಿಂದ ಹೀಗೇ, ಲೋಕದ ಪರಿವೆ ಇಲ್ಲದ ಹಾಗೆ ನಿದ್ದೆ. ನಿಮಗೊಂದು ಫೋನ್ ಮಾಡೋಕೂ ಆಗ್ಲಿಲ್ಲ." ಒಂದು ಕ್ಷಣ ನಿಂತು, ಎರಡೂ ಕೈಯಲ್ಲಿ ಅಕ್ಕನ ಕೈ ಹಿಡಿದುಕೊಳ್ಳುತ್ತಾರೆ. "ಹೊಸ ಪಾಳಿ ಪಟ್ಟಿ ಬಂತು. ಮಕ್ಕಳ ವಾರ್ಡೇ. ನಾನೆಲ್ಲೂ ಹೋಗ್ತಿಲ್ಲ."

ಅಕ್ಕ ನರ್ಸಿನ ಬಲಗೆನ್ನೆಯನ್ನೇ ನೋಡುತ್ತಾರೆ. ಕಿವಿಯಿಂದ ಗಲ್ಲದ ತನಕ ದಿಂಬಿನ ಅಂಚು ಒತ್ತಿದ ಗುರುತು, ಒಂದರ ಪಕ್ಕ ಒಂದು ಎರಡು ಗೆರೆ. ಅಕ್ಕ ಮೆಲ್ಲಗೆ ನನ್ನ ಮೊಣಕೈ ತಿವಿಯುತ್ತಾರೆ.

"ಬರ್ಕೊಳ್ಳಿ ಮೇಡಂ" ಎನ್ನುತ್ತಾರೆ. "ಅದು ನಾವು ಹೊಲಿದದ್ದು."