ಸುಂದ್ರವ್ವನ ಗಂಟಲಿನ ವಂಶವೃಕ್ಷ

ಮುಂಬಯಿಯ ಘಾಟ್ಕೋಪರಿನ ಆ ಹನ್ನೆರಡು ಮಾಳಿಗೆಯ ಬಿಲ್ಡಿಂಗಿಗೆ ಇಟ್ಟಿಗೆ ಹೊತ್ತವನು ಸುಂದ್ರವ್ವನ ಗಂಡ. ಇಂಡಿ ತಾಲೂಕಿನಿಂದ ಅವನ ಹಿಂದೆಯೇ ಬಂದ ಸುಂದ್ರವ್ವ ಆ ಬಿಲ್ಡಿಂಗಿನ ಹದಿನಾಲ್ಕು ಕೂಸುಗಳನ್ನು ಎತ್ತಿ ಆಡಿಸಿದಳು. ಆದರೂ ಆಕೆ ಮೇಲೆ ಹೋಗುವುದು ಸಾಮಾನು ಸಾಗಿಸುವ ಲಿಫ್ಟಿನಲ್ಲಿ. ಚಹಾಕ್ಕೆ ಬೇರೆ ಲೋಟ. ಐದನೇ ಮಾಳಿಗೆಯ ಪ್ರಿಯಂವದಾ ಅವರ ಮನೆಯಲ್ಲಿ ಆ ಸ್ಟೀಲ್ ಲೋಟ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಬೋರಲು ಬಿದ್ದು ಹದಿನೇಳು ವರ್ಷವಾಯಿತು. ಕೂಸಿನ ಬಾಯಿಗೆ ತುತ್ತಿಡುವ ಕೈ ನಡೆಯುತ್ತದೆ, ಆ ಕೈ ಹಿಡಿದ ಲೋಟ ನಡೆಯುವುದಿಲ್ಲ. ಇದಕ್ಕೆ ನಾವು ಶುಚಿತ್ವ ಎಂದು ಹೆಸರಿಟ್ಟಿದ್ದೇವೆ.

ಪ್ರಿಯಂವದಾ ಅವರ ಮಗ ಅನುರಾಗ್ ಆಕೆ ಎತ್ತಿಕೊಂಡ ಮೊದಲ ಕೂಸು. ಈಗ ಹದಿನೇಳರ ಹುಡುಗ. ಕಳೆದ ಜನವರಿಯ ಒಂದು ಬೆಳಿಗ್ಗೆ ಅವನಿಗೆ ಜ್ವರ ಬಂತು, ಕುತ್ತಿಗೆ ಸೆಟೆದುಕೊಂಡಿತು, ಮಧ್ಯಾಹ್ನದ ಹೊತ್ತಿಗೆ ಮೈಮೇಲೆ ನೇರಳೆ ಚುಕ್ಕೆಗಳೆದ್ದವು. ಮೆದುಳಿನ ಪೊರೆಗೆ ಸೋಂಕು, ಮೆನಿಂಜೈಟಿಸ್, ಅಂದರು ಡಾಕ್ಟರು. ಹುಡುಗ ಬದುಕಿದ. ಎಡಗಿವಿ ಮಾತ್ರ ಹೋಯಿತು.

ಅವನ ಜೊತೆ ಒಡನಾಡಿದವರಿಗೆಲ್ಲ ಮುನ್ನೆಚ್ಚರಿಕೆಯ ಮಾತ್ರೆ ಕೊಟ್ಟರು. ಅದಕ್ಕೂ ಮೊದಲು, ಲಸಿಕೆಗಾಗಿ ಈ ರೋಗಾಣುಗಳ ತಳಿಗಳನ್ನು ಹುಡುಕುತ್ತಿದ್ದ ಸಂಶೋಧಕರು ಬಂದು ಬಿಲ್ಡಿಂಗಿನ ದೊಡ್ಡವರು, ಕೂಸುಗಳು, ಕೆಲಸದವರು ಎಲ್ಲರ ಗಂಟಲಿಗೂ ಹತ್ತಿಕಡ್ಡಿ ತಾಗಿಸಿ ಒಯ್ದರು. ರಿಪೋರ್ಟ್ ಫೋನಿಗೆ ಬರುತ್ತದೆ, ನಂಬರ್ ಕೊಡಿ ಎಂದರು. ಸುಂದ್ರವ್ವನಿಗೆ ಓದು ಬಾರದು, ತನ್ನ ಪುಟ್ಟ ಫೋನಿನಲ್ಲಿ ಮಾತಾಡುವುದಷ್ಟೇ ಗೊತ್ತು. ಬ್ಯಾಂಕಿಗೂ ಗ್ಯಾಸಿನವರಿಗೂ ಯಾವ ನಂಬರ್ ಕೊಡುತ್ತಿದ್ದಳೋ ಇಲ್ಲಿಯೂ ಅದನ್ನೇ ಕೊಟ್ಟಳು. ಅದು ಮೂರನೇ ಮಾಳಿಗೆಯ ಮಾಧುರಿಯದು. ಆಕೆಯ ಹನ್ನೊಂದು ತಿಂಗಳ ಮಗಳನ್ನೇ ಸುಂದ್ರವ್ವ ಈಗ ನೋಡಿಕೊಳ್ಳುತ್ತಿದ್ದುದು.

ಮೆಸೇಜ್ ಬಂತು: ‘ನೈಸೀರಿಯಾ ಕಂಡುಬಂದಿದೆ. ಪ್ರಭೇದ ಯಾವುದೆಂಬ ಪರೀಕ್ಷೆ ಬಾಕಿ.’ ಮಾಧುರಿ ಮೊದಲನೆಯ ವಾಕ್ಯವನ್ನು ಫೋನಿನಲ್ಲಿ ಹುಡುಕಿದಳು, ಮೆನಿಂಜೈಟಿಸ್ ತರುವ ರೋಗಾಣು ಎಂದು ಬಂತು, ಎರಡನೆಯದನ್ನು ಬಿಟ್ಟಳು. ಹತ್ತು ನಿಮಿಷದಲ್ಲಿ ಅದು ಬಿಲ್ಡಿಂಗಿನ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿತ್ತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಸೆಕ್ರೆಟರಿ ರಮಾನಾಥ ನಿಂತಿದ್ದರು.

“ಮೌಶಿ, ಗಲತ್ ತಿಳ್ಕೋಬೇಡಿ. ಚಿಕ್ಕ ಮಕ್ಕಳಿರೋ ಬಿಲ್ಡಿಂಗು. ರಿಪೋರ್ಟ್ ಕ್ಲಿಯರ್ ಆಗೋ ತನಕ ಮೇಲೆ ಬರೋದು ಬೇಡ.”

“ಆ ಸಣ್ಣ ಮಕ್ಕಳನ್ನ ಆಡಸಾಕ ಬಂದೀನ್ರಿ ಸಾಹೇಬ್ರ.”

“ಅದಕ್ಕೇ ಹೇಳ್ತಿರೋದು.”

ಸುಂದ್ರವ್ವ ತಲೆಯೆತ್ತಿದಳು. ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಮಾಧುರಿ ಒಳಗೆ ಸರಿದಳು.

ಕೆಲಸ ಹೋದದ್ದು ಆಕೆಯನ್ನು ಸುಡಲಿಲ್ಲ, ಸುಟ್ಟದ್ದು ಬೇರೆ. ಮಧ್ಯಾಹ್ನ ಕೂಸು ಮಲಗಿದ ಮೇಲೆ ದಿನವೂ ಐದನೇ ಮಾಳಿಗೆಗೆ ಹೋಗಿ ಅನುರಾಗನಿಗೆ ಕಡಕ್ ರೊಟ್ಟಿ ಕೊಟ್ಟು ಬರುವವಳು ಆಕೆ. ಅವನ ಕಿವಿ ತಿಂದ ಹುಳ ತನ್ನ ಗಂಟಲಿನಿಂದಲೇ ಹೋಗಿದ್ದರೆ? ಮೂರು ವಾರ ತನ್ನ ಮನೆಯಿದ್ದ, ಗುಡ್ಡದ ಮೇಲಿನ ಸಾಲುಮನೆಗಳ ಚಾಳಿನಲ್ಲೂ ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡಿದಳು. ಬಾಯಿ ಹುಣ್ಣಾಗುವಷ್ಟು ಬಿಸಿ ಉಪ್ಪುನೀರು ಮುಕ್ಕಳಿಸಿದಳು. ಹುಡುಗ ಆಸ್ಪತ್ರೆಯಿಂದ ಮನೆಗೆ ಬಂದನೆಂದು ತಿಳಿದರೂ ನೋಡಲು ಹೋಗಲಿಲ್ಲ.

ನಾಲ್ಕನೇ ವಾರ ಗುಡ್ಡದ ಮೇಲಿನ ಆ ಚಾಳಿಗೆ ಲ್ಯಾಪ್‌ಟಾಪ್ ಹಿಡಿದು ಒಬ್ಬಳು ಹತ್ತಿ ಬಂದಳು. ಮಾಟುಂಗದ ಧಾತ್ರಿ, ಆ ಸಂಶೋಧಕರ ತಂಡದವಳು, ಮೈಸೂರಿನ ಕಡೆಯ ಮನೆತನ. ಇನ್ನೊಬ್ಬರ ಫೋನಿಗೆ ರಿಪೋರ್ಟ್ ಕಳಿಸಿದ್ದು ತಮ್ಮ ತಪ್ಪು, ಕ್ಷಮಿಸಬೇಕು ಎಂದು ಶುರುಮಾಡಿದಳು. ಸುಂದ್ರವ್ವ ತಡೆದಳು.

“ಅದ ಇರಲಿ. ನಾನ ಹಚ್ಚೀನೇನವಾ ಆ ಹುಡುಗಗ? ಅದೊಂದ ಹೇಳಿಬಿಡು.”

“ಇಲ್ಲಮ್ಮ. ನೀವಲ್ಲ.”

ಸುಂದ್ರವ್ವ ಗೋಡೆಗೆ ಒರಗಿ ಕೂತಳು. ಬಾಯಿಯ ಮೇಲಿನ ಸೆರಗು ತಾನಾಗಿ ಜಾರಿತು.

ಧಾತ್ರಿ ತೆರೆಯನ್ನು ಆಕೆಯತ್ತ ತಿರುಗಿಸಿದಳು. ಒಂದು ಮರ. ನೂರಾರು ಕೊಂಬೆ, ಪ್ರತಿ ತುದಿಯಲ್ಲೂ ಒಂದೊಂದು ಚುಕ್ಕೆ, ಪ್ರತಿ ಚುಕ್ಕೆಯೂ ಈ ಊರಿನ ಯಾರದೋ ಗಂಟಲಿನಿಂದ ಬಂದ ಒಂದು ಜೀವ. ಜೋಡಿ ಕಾಳಿನಂತಿರುವ, ಕಣ್ಣಿಗೆ ಕಾಣದ ಆ ಜೀವದೊಳಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಡಿಎನ್‌ಎ ಬರಹವಿದೆ. ಗಂಟಲಲ್ಲಿ ನೆಂಟ ಜೀವಗಳು ಎದುರಾದರೆ ಅದರ ಸಾಲುಗಳನ್ನು ಪರಸ್ಪರ ಎರವಲು ಕೊಟ್ಟು ತೆಗೆದುಕೊಳ್ಳುತ್ತವೆ, ಮೈಮೇಲಿನ ಹೊದಿಕೆಯ ಅಂಗಿ ಬದಲಿಸುತ್ತವೆ. ಒಂದು ಅಂಗಿಯನ್ನು ಗುರುತು ಹಿಡಿಯಲು ನಮ್ಮ ದೇಹಕ್ಕೆ ಕಲಿಸಿದ ಲಸಿಕೆಗೆ ಇನ್ನೊಂದು ಅಂಗಿ ಅಪರಿಚಿತ. ಆದ್ದರಿಂದಲೇ ಈ ಮರ ಬರೆಯುವ ಕೆಲಸ ಮುಗಿಯುವುದೇ ಇಲ್ಲ. ಎಲ್ಲವನ್ನೂ ಬಲ್ಲೆವೆಂದು ಗ್ರೂಪಿನಲ್ಲಿ ತೀರ್ಪು ಕೊಡುವ ನಾವು ಈ ಮರದ ಕೆಳಗೆ ಒಂದು ನಿಮಿಷ ಬಾಯಿಮುಚ್ಚಿ ನಿಲ್ಲಬೇಕು.

“ಅನುರಾಗ್‌ಗೆ ಬಂದದ್ದು ಆ ತುದಿಯ ಕೊಂಬೆದು. ಅದು ಎಲ್ಲಿಂದ ಬಂತೋ ನಮಗೂ ಗೊತ್ತಿಲ್ಲ. ನಿಮ್ಮದು ಇಲ್ಲಿದೆ, ನೋಡಿ. ಮನೆ ಹೆಸರು ಒಂದೇ, ಸಂಸಾರ ಬೇರೆ. ಇದು ಸಾಧು ಪ್ರಾಣಿ. ಇದು ಕೂತಿರೋ ಕಡೆ ಆ ಕೆಟ್ಟದ್ದು ಬಂದು ಕೂರೋದೇ ಕಷ್ಟ. ಹೊರದೇಶದಲ್ಲಿ ಇದನ್ನೇ ಬೇಕು ಅಂತ ಜನರ ಮೂಗಿಗೆ ಹನಿ ಹಾಕಿ ಪರೀಕ್ಷೆ ಮಾಡಿದಾರೆ.”

“ಹಂಗಾರ ನನಗೆಲ್ಲಿಂದ ಬಂತವಾ ಈ ಸಾಧು?”

ಧಾತ್ರಿ ಆಕೆಯ ಚುಕ್ಕೆಯ ಸುತ್ತ ಬೆರಳಾಡಿಸಿದಳು. ಒತ್ತೊತ್ತಾಗಿ ಐದು ಚುಕ್ಕೆ. “ಇವೆಲ್ಲ ಅದೇ ಬಿಲ್ಡಿಂಗಿನ ಕೂಸುಗಳು. ಯಾವ ಮನೆಯವು ಅಂತ ಹೇಳೋ ಹಾಗಿಲ್ಲ. ಇದು ಎಳೆಮಕ್ಕಳ ಗಂಟಲಲ್ಲೇ ಹೆಚ್ಚು, ನಿಮ್ಮ ವಯಸ್ಸಿನವರಲ್ಲಿ ಅಪರೂಪ. ಬಹುಶಃ ನೀವು ಕೊಟ್ಟಿದ್ದಲ್ಲ, ಕೂಸುಗಳೇ ನಿಮಗೆ ಕೊಟ್ಟಿದ್ದು.”

ಸುಂದ್ರವ್ವ ತೆರೆಗೆ ಮುಖ ಹತ್ತಿರ ತಂದಳು. ಚುಕ್ಕೆಗಳನ್ನು ಮುಟ್ಟಲು ಕೈ ಚಾಚಿ, ಮಲಗಿದ ಮಕ್ಕಳನ್ನು ಎಬ್ಬಿಸಬಾರದೆಂಬಂತೆ ಹಿಂದೆ ತೆಗೆದುಕೊಂಡಳು. ಆಮೇಲೆ ನಕ್ಕಳು.

“ಕಳ್ಳ ನನ ಮಕ್ಕಳು. ಮುದ್ದು ಕೊಟ್ಟು ಕೊಟ್ಟು ಹುಳಾನೂ ದಾಟಿಸ್ಯಾವು.”

ಬೇರೆ ಲಿಫ್ಟು, ಬೇರೆ ಲೋಟ, ಗೇಟಿನ ಕಾವಲು. ಇಷ್ಟನ್ನೂ ದಾಟಿ ಒಂದು ಮಗುವಿನ ಉಸಿರು ಗುಡ್ಡದ ಚಾಳಿನವರೆಗೆ ಬಂದು ಮನೆ ಮಾಡಿಕೊಂಡಿತ್ತು. ಅದು ಯಾವ ಲಿಫ್ಟೆಂದು ಕೇಳಿರಲಿಲ್ಲ.

ಆಕೆ ನಿರ್ದೋಷಿ ಎಂದು ನಿಟ್ಟುಸಿರು ಬಿಡುವವರಿಗೆ ಒಂದು ಮಾತು. ಆ ಕೆಟ್ಟದ್ದೇ ಆಕೆಯ ಗಂಟಲಲ್ಲಿ ಇದ್ದಿದ್ದರೂ ಆಕೆ ದೋಷಿಯಾಗುತ್ತಿರಲಿಲ್ಲ. ನೆಟ್ಟಗೆ ಓಡಾಡಿಕೊಂಡಿರುವ ಎಷ್ಟೋ ಜನರ ಗಂಟಲಲ್ಲಿ ಅದು ಸುಮ್ಮನೆ ಬಂದು ಹೋಗುತ್ತದೆ. ಇದನ್ನು ಓದುತ್ತಿರುವವರ ಗಂಟಲಲ್ಲೂ ಇದ್ದೀತು. ಅವರನ್ನು ಯಾವ ಗೇಟಿನಲ್ಲಿ ನಿಲ್ಲಿಸೋಣ?

ಸುಂದ್ರವ್ವನ ಒಪ್ಪಿಗೆ ಕೇಳಿ ಧಾತ್ರಿ ಸೆಕ್ರೆಟರಿಗೂ ವಿಷಯ ತಿಳಿಸಿದ್ದಳು. ಸಂಜೆ ಮಾಧುರಿಯ ಫೋನ್ ಬಂತು. “ಮೌಶಿ, ಸಾರಿ ಹಾಂ... ಬೇಬಿ ಊಟಾನೇ ಮಾಡ್ತಿಲ್ಲ. ಕಲ್ ಸೆ ಬರ್ತೀರಾ?”

“ಬರ್ತೀನ್ರಿ. ಆದ್ರ ನಿಮ್ಮ ನಂಬರ ಇನ್ನ ಯಾರಿಗೂ ಕೊಡೂದಿಲ್ಲ.”

ಮರುದಿನ ಆಕೆ ಮೊದಲು ಹೋದದ್ದು ಐದನೇ ಮಾಳಿಗೆಗೆ, ರೊಟ್ಟಿ ಕಟ್ಟಿಕೊಂಡು. ಪ್ರಿಯಂವದಾ ಕೈಹಿಡಿದು ಒಳಗೆ ಕರೆದರು, ಕಣ್ಣೊರೆಸಿಕೊಂಡರು, ಚಹಾ ತಂದರು. ಕಿಟಕಿಕಟ್ಟೆಯ ಅದೇ ಲೋಟದಲ್ಲಿ. ಇಪ್ಪತ್ತು ಲಕ್ಷ ಅಕ್ಷರ ಓದಿದರೂ ಆ ಲೋಟ ಅಲ್ಲಿಂದ ಕದಲಲಿಲ್ಲ.

ಸುಂದ್ರವ್ವ ಅದನ್ನು ಹಿಡಿದುಕೊಂಡು ಹುಡುಗನ ಪಕ್ಕ ಕೂತು ಏನೋ ಹೇಳಿದಳು.

“ಈ ಕಡೆ ಬಾ ಸುಂದವ್ವಾ, ಆ ಕಿವಿ ಬಂದ್,” ಅಂದ ಅನುರಾಗ್, ಕೂಸಾಗಿದ್ದಾಗ ಕರೆಯುತ್ತಿದ್ದ ಹಾಗೆಯೇ.

ಎದ್ದು ಬಲಕ್ಕೆ ಹೋಗಿ ಕೂತಳು. “ನಾ ಅಲ್ಲೋ ಅಪ್ಪಾ. ರಿಪೋರ್ಟ್ ಬಂತು.”

“ಏನು ನೀನಲ್ಲ?”

“ನಿನಗ ಹಚ್ಚಿದ್ದು.”

ಹುಡುಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ನೀನು ಅಂತ ಯಾರು ಹೇಳಿದ್ರು?”

ಪ್ರಿಯಂವದಾ ಅಡುಗೆಮನೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದರು. ಸುಂದ್ರವ್ವ ಒಮ್ಮೆ ಅತ್ತ ನೋಡಿದಳು.

“ಯಾರೂ ಇಲ್ಲ ಬಿಡು,” ಅಂದಳು. “ರೊಟ್ಟಿ ತಿನ್ನು.”