ಹಿಂದಿನ ಮನೆ ಅಕ್ಕನ ಒಂದು ಹಿಡಿ ಪುಡಿ

ಹೋದ ತಿಂಗಳು ಒಂದು ವಿಚಾರ ಸಂಕಿರಣಕ್ಕೆ ಕರೆದಿದ್ದರು. ‘ಜಾಗತೀಕರಣ: ಅರ್ಥ ಮತ್ತು ಪ್ರಕ್ರಿಯೆ’ ಎಂದು ಬ್ಯಾನರು. ದೀಪ ಬೆಳಗುವ ಮೊದಲು ಯಾರೋ ಒಂದು ಹಿಡಿ ಊದುಬತ್ತಿ ಹಚ್ಚಿ ಬಾಳೆಹಣ್ಣಿಗೆ ಚುಚ್ಚಿದರು. ಅಗ್ಗದ ಬತ್ತಿ. ಮೇಲಿನ ಸೆಂಟು ಐದು ನಿಮಿಷಕ್ಕೆ ಹಾರಿಹೋಗಿ, ಒಳಗಿನ ಇದ್ದಿಲು ಮತ್ತು ತೊಗಟೆಯ ವಾಸನೆ ಮಾತ್ರ ಉಳಿಯಿತು. ನಾನು ಮೂಗು ಮುಚ್ಚಿಕೊಂಡು ತಲೆ ಬಗ್ಗಿಸಿ ಕೂತೆ. ಪಕ್ಕದಲ್ಲಿ ಕೂತವರು ಬಿಪಿ ಇರಬೇಕೆಂದು ನೀರು ಕೊಟ್ಟರು. ಬಿಪಿ ಅಲ್ಲ, ಅದು ನಲವತ್ತು ವರ್ಷದ ಹೇಸಿಗೆ.

ಆಗ ನಾವು ಬಾಪೂಜಿ ನಗರದಲ್ಲಿದ್ದೆವು. ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡಂತೆ ಒಂದೇ ಕೋಣೆಯ ಮನೆ, ಅದರಲ್ಲಿ ಊದುಬತ್ತಿ ಹೊಸೆಯುವ ಅಕ್ಕ ಮತ್ತು ಅವರ ಮಗಳು. ಗಂಡ ಇರಲಿಲ್ಲ, ಎಲ್ಲಿ ಹೋದನೆಂದು ಯಾರೂ ಕೇಳುತ್ತಿರಲಿಲ್ಲ. ನಮಗೆಲ್ಲ ಅವರು ‘ಹಿಂದಿನ ಮನೆ ಅಕ್ಕ’. ಕಂಪನಿಯ ಮೇಸ್ತ್ರಿ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಿದಿರು ಕಡ್ಡಿಯನ್ನೂ ಕಪ್ಪು ಪುಡಿಯನ್ನೂ ತಂದು ಹಾಕಿ, ಹೊಸೆದ ಬತ್ತಿ ಕಟ್ಟಿಕೊಂಡು ಹೋಗುತ್ತಿದ್ದ. ಅಕ್ಕ ಮಣೆಯ ಮುಂದೆ ಕಾಲು ಚಾಚಿ ಕೂತು ಕಲಸಿದ ಪುಡಿಯ ಮೇಲೆ ಕಡ್ಡಿ ಇಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ತಳ್ಳಿದರೆ ಬತ್ತಿ ತಯಾರು. ಅವರ ಬಲಗೈಯ ಗೆರೆಗಳೆಲ್ಲ ಕಪ್ಪಾಗಿದ್ದವು. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ನನಗೆ ಚಿಕ್ಕಂದಿನಿಂದ ಉಪ್ಪಿಟ್ಟು ಹಾಕಿಕೊಟ್ಟಿದ್ದರು...

ಎಂಬತ್ತರ ದಶಕದ ನಡುವಿನ ಮಾತು. ನಾನು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಸಂಶೋಧನೆಗೆ ಸೇರಿದ್ದೆ. ಜಾಗತೀಕರಣ ಎಂಬ ಪದ ಆಗಿನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ, ಜಗಳ ಮಾತ್ರ ಆಗಲೇ ಬಂದಿತ್ತು. ಜಗತ್ತೆಲ್ಲ ಒಂದೇ ಸಂತೆಯಾಗುತ್ತಿದೆ, ಅದು ಬಡವರನ್ನು ಇಡಿಯಾಗಿ ನುಂಗುತ್ತದೆ ಎಂದು ಒಬ್ಬ ಗಡ್ಡದ ಪ್ರೊಫೆಸರು. ಇಲ್ಲ, ನುಂಗಲು ಬಂದದ್ದನ್ನು ಜನ ತಮಗೆ ಬೇಕಾದಂತೆ ಬಗ್ಗಿಸಿಕೊಳ್ಳುತ್ತಾರೆ ಎಂದು ನಮ್ಮ ಗೈಡು. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರೂ ಮುಖ ನೋಡುತ್ತಿರಲಿಲ್ಲ. ಇಬ್ಬರಲ್ಲಿ ಯಾರೂ ಊದುಬತ್ತಿ ಹೇಗೆ ಹೊಸೆಯುತ್ತಾರೆಂದು ಒಂದು ದಿನ ನಿಂತು ನೋಡಿದವರಲ್ಲ. ಅದಕ್ಕೆ ನಾನಿದ್ದೆನಲ್ಲ. ನಮ್ಮ ಹಿಂದಿನ ಮನೆಯಲ್ಲಿ ಹೊಸೆದ ಬತ್ತಿ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ ಎಂದಾಗ ಗೈಡಿನ ಕಣ್ಣು ಅರಳಿತು. ಪ್ರಶ್ನಾವಳಿ ಹಿಡಿದು ನಾನು ಅಕ್ಕನ ಮನೆಗೆ ಹೋದೆ.

“ಉಂಡ ಮನೆಯ ಜಂತೆ ಎಣಿಸಬಾರದು ಕಣೋ,” ಎಂದು ಅಮ್ಮ ಅಂದಿದ್ದರು. ನಾನು ನಕ್ಕುಬಿಟ್ಟೆ. ಅಕ್ಕ ದಿನಕ್ಕೆಷ್ಟು ಹೊತ್ತು ಕೂರುತ್ತಾರೆ, ಬೆನ್ನು ಎಲ್ಲಿ ನೋಯುತ್ತದೆ, ಎಲ್ಲವನ್ನೂ ಬರೆದುಕೊಂಡೆ. ಎಲ್ಲ ಮುಗಿದು, ಕಾಗದ ಮಡಚಿಟ್ಟು, ಉಪ್ಪಿಟ್ಟು ತಿನ್ನುತ್ತಿದ್ದಾಗ ಅವರು ತಮಾಷೆಗೆಂಬಂತೆ ಒಂದು ಮಾತು ಹೇಳಿದರು. ಕಂಪನಿಯ ಬತ್ತಿಯನ್ನು ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ತೆಳ್ಳಗೆ ಹೊಸೆದರೆ ದಿನಕ್ಕೆ ಒಂದು ಹಿಡಿ ಪುಡಿ ಉಳಿಯುತ್ತದೆ. ಅದಕ್ಕೆ ತಾವೇ ಕಡ್ಡಿ ತಂದು, ದಪ್ಪನೆಯ ಬತ್ತಿ ಮಾಡಿ, ಕುರುಬರಹಳ್ಳಿಯ ಒಂದು ಅಂಗಡಿಗೆ ಕೊಡುತ್ತಿದ್ದರು. ಮಗಳ ಹೈಸ್ಕೂಲು ನಡೆಯುತ್ತಿದ್ದುದು ಅದರಿಂದ. ಬೀದಿಯಲ್ಲಿ ಅವಳ ವಾರಗೆಯ ಹುಡುಗಿಯರೆಲ್ಲ ಮಣೆ ಮುಂದೆ ಕೂತಾಗಿತ್ತು.

“ಇವಳನ್ನ ಮಾತ್ರ ಕೂರ್ಸಲ್ಲ. ಯಾರ್ ಹತ್ರಾನೂ ಅನ್ಬೇಡ ಮತ್ತೆ.”

ಅನ್ನಲ್ಲ ಅಕ್ಕ ಎಂದೆ. ತಟ್ಟೆ ತೊಳೆದಿಟ್ಟು ಬರುವಾಗ ಅವರ ಬತ್ತಿಯೊಂದು, ಕಂಪನಿಯದೊಂದು ಕೇಳಿ ತೆಗೆದುಕೊಂಡು ಬಂದೆ.

ನಮ್ಮ ವಿಭಾಗದ ಸೆಮಿನಾರಿನ ದಿನ ವಾದದಲ್ಲಿ ಗೈಡು ಸೋಲುತ್ತಿದ್ದರು. ಗಡ್ಡದವರು ಒಂದೊಂದೇ ಪುಸ್ತಕ ಎತ್ತಿ ಹೊಡೆಯುತ್ತಿದ್ದರು. ಗೈಡು ಸುತ್ತ ನೋಡಿ ಕೊನೆಗೆ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ... ಬಾಪೂಜಿ ನಗರದಲ್ಲಿ ನಮ್ಮ ಮನೆಯ ಹಿಂದೆಯೇ ಒಬ್ಬ ಹೆಂಗಸು ಜಗತ್ತಿನ ಮಾರುಕಟ್ಟೆಗೆ ಹೇಗೆ ಟೋಪಿ ಹಾಕುತ್ತಿದ್ದಾಳೆ ನೋಡಿ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಎರಡು ಬತ್ತಿಗಳನ್ನೂ ಎತ್ತಿ ತೋರಿಸಿದೆ. “ಇದೇ ಪ್ರತಿರೋಧ! ನಿಮ್ಮ ಥಿಯರಿ ಈ ಹೆಣ್ಣುಮಗಳ ಮುಂದೆ ನಿಲ್ಲಲ್ಲ ಸಾರ್,” ಎಂದು ಗೈಡು ಮೇಜು ಕುಟ್ಟಿದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಮುಖ್ಯ ಅತಿಥಿಗಳೂ ತಟ್ಟಿದರು. ಅಂದಿನ ಊಟದ ಖರ್ಚು ಅವರದು, ಗೈಡೇ ಹೋಗಿ ಕರೆದುಕೊಂಡು ಬಂದಿದ್ದರು. ಅವರು ಅದೇ ಊದುಬತ್ತಿ ಕಂಪನಿಯ ಮಾಲೀಕರು.

“ಎಲ್ಲಿ ಕೊಡಿ, ನೋಡೋಣ,” ಎಂದು ಕೈ ಚಾಚಿದರು. ಎರಡನ್ನೂ ಬೆರಳ ನಡುವೆ ಹೊರಳಿಸಿ ನೋಡಿ, ನಕ್ಕು, ಜೇಬಿನಲ್ಲಿಟ್ಟುಕೊಂಡರು. ಅಷ್ಟು ಓದಿದವರಿದ್ದ ಆ ಹಾಲಿನಲ್ಲಿ ಒಬ್ಬನಿಗೂ ಏನೂ ಹೊಳೆಯಲಿಲ್ಲ. ನನಗಂತೂ ಜಾಮೂನಿನದೇ ಯೋಚನೆ. ಎರಡು ತಿಂದೆ.

ಆ ವಾರವೇ ಮೇಸ್ತ್ರಿ ಬಂದು ಕಡ್ಡಿ, ಪುಡಿ ಎಲ್ಲವನ್ನೂ ಎತ್ತಿಕೊಂಡು ಹೋದ. ಬೀದಿಗೆಲ್ಲ ಕೇಳುವಂತೆ ಕಳ್ಳಿ ಎಂದನಂತೆ. ಸಂಜೆ ಮನೆಗೆ ಬಂದಾಗ ಅಮ್ಮ ಹೇಳಿದರು, ಹೇಳಿ ನನ್ನ ಮುಖವನ್ನೇ ನೋಡಿದರು. ನಾನು ಹಿತ್ತಲು ದಾಟಿ ಹೋದೆ. ಅಕ್ಕ ಬಯ್ಯಲಿಲ್ಲ. ಕಾಫಿ ಕೊಟ್ಟರು.

“ನೀನು ಓದ್ತಾ ಇದೀಯ ಅಂತ ನಾನು ನಿಂಗೆ ಆ ಮಾತು ಹೇಳ್ಲಿಲ್ಲ ಕಣೋ. ನಮ್ಮ ಹುಡುಗ ಅಂತ ಹೇಳ್ದೆ,” ಎಂದರು. ನಾನು ನಾಚಿಕೆಗೆಟ್ಟವನು, ಕಾಫಿ ಪೂರ್ತಿ ಕುಡಿದೆ.

ಮಾರನೆಯ ದಿನ ಗೈಡಿನ ಬಳಿ ಹೋಗಿ, ಮಾಲೀಕರಿಗೆ ಒಂದು ಮಾತು ಹೇಳಿ ಸಾರ್ ಎಂದು ಗೋಗರೆದೆ. “ಪಾಪ ಕಣಯ್ಯಾ. ಆದ್ರೆ ಈಗ ಹೋಗಿ ಕೇಳಿದ್ರೆ ಚೆನ್ನಾಗಿರಲ್ಲ. ನಮ್ಮ ಸೆಮಿನಾರ್ ಪುಸ್ತಕ ಪ್ರಿಂಟ್ ಮಾಡಿಸ್ತಾ ಇರೋದು ಅವ್ರೇ ಅಲ್ವಾ,” ಎಂದರು. ಲೈಬ್ರರಿ ಮೆಟ್ಟಿಲ ಮೇಲೆ ಗಡ್ಡದವರು ಸಿಕ್ಕಿದರು. ಇವರಾದರೂ ಬಡವರ ಪರ ಎಂದು ಅವರ ಬಳಿಯೂ ಹೇಳಿಕೊಂಡೆ. ಅವರ ಮುಖ ಬೆಳಗಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. “ಕೆಲಸ ಹೋಯ್ತಾ? ಯಾವತ್ತು? ಸರಿಯಾಗಿ ಹೇಳು,” ಎಂದು ಪೆನ್ನು ತೆಗೆದರು. ನುಂಗುತ್ತದೆ ಎಂದು ಅವರು ಹೇಳಿರಲಿಲ್ಲವೇ? ಈಗ ಸಾಕ್ಷಿ ಸಿಕ್ಕಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಆ ಗಂಡ ಹೆಂಡಿರಿಗಾದರೂ ಕೂಸು ತಮ್ಮದು ಎನ್ನುವುದು ಗೊತ್ತಿರುತ್ತದೆ.

ತಿಂಗಳಾದ ಮೇಲೆ ಇನ್ನೊಬ್ಬ ಮೇಸ್ತ್ರಿ ಸಿಕ್ಕಿದ. ಅವನ ಕೂಲಿ ಕಡಿಮೆ, ಒಬ್ಬರು ಹೊಸೆದರೆ ಸಾಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿನಿಂದ ನೋಡಿದರೆ ಅಕ್ಕನ ಎದುರಿಗೆ ಇನ್ನೊಂದು ಮಣೆ ಬಂದಿತ್ತು, ಅದರ ಮುಂದೆ ಮಗಳು ಕೂತಿದ್ದಳು. ಗೋಡೆಯ ಮೊಳೆಗೆ ಅವಳ ಸ್ಕೂಲ್ ಬ್ಯಾಗು ಎಂದಿನಂತೆ ನೇತಾಡುತ್ತಿತ್ತು. ಅದರ ಬಾಯಿಂದ ಬಿದಿರು ಕಡ್ಡಿಗಳು ಹೊರಗೆ ಚಾಚಿದ್ದವು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಹಲ್ಲುಜ್ಜುವವನಂತೆ ನಲ್ಲಿ ಕಡೆ ತಿರುಗಿಕೊಂಡೆ. ಮುಂದಿನ ವರ್ಷ ಅವರು ಮನೆ ಬಿಟ್ಟು ಕೆಂಗೇರಿಯ ಆಚೆ ಎಲ್ಲಿಗೋ ಹೋದರು. ನಾನು ಹುಡುಕಲಿಲ್ಲ. ನನಗೆ ಪಿಎಚ್.ಡಿ. ಬಂತು, ಕೆಲಸ ಬಂತು, ವಯಸ್ಸೂ ಆಯಿತು. ಅಮ್ಮನೂ ಹೋದರು.

ಹೋದ ತಿಂಗಳ ಸಂಕಿರಣದಲ್ಲಿ ಅದೇ ಜಗಳ ಹೊಸ ಪದಗಳಲ್ಲಿ ನಡೆಯುತ್ತಿತ್ತು, ಜಾಮೂನೂ ಇತ್ತು. ಜಾಗತೀಕರಣ ಎಂಬ ಮಾತು ಹುಟ್ಟುವ ಮೊದಲೇ ಅದನ್ನು ಕಂಡವರು ಎಂದು ನನಗೆ ಶಾಲು ಹೊದಿಸಿದರು. ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಆ ಬಾಪೂಜಿ ನಗರದ ಮಹಿಳೆ ಹೆಸರೇನು? ನಿಮ್ಮ ಥೀಸಿಸ್‌ನಲ್ಲಿ ಎಲ್ಲೂ ಇಲ್ಲವಲ್ಲ?” ಎಂದು ಕೇಳಿದಳು.

“ಮಾಹಿತಿ ಕೊಟ್ಟವರ ಹಿತದೃಷ್ಟಿಯಿಂದ ಹೆಸರು ಬಿಟ್ಟಿದ್ದೇನಮ್ಮ,” ಎಂದೆ. ಥೀಸಿಸ್ಸಿನ ಅಡಿಟಿಪ್ಪಣಿಯಲ್ಲಿ ಹಾಗೆಯೇ ಇದೆ. ಎಂಥ ಪ್ರಾಮಾಣಿಕತೆ ಎಂಬಂತೆ ಸಭೆ ತಲೆದೂಗಿತು.

ಮನೆಗೆ ಬಂದು ಶಾಲು ಬಿಸಾಡಿ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಅಕ್ಕನ ಪ್ರಶ್ನಾವಳಿ ಸಿಕ್ಕಿತು. ಎಷ್ಟು ಹೊತ್ತು ಕೂರುತ್ತಾರೆ, ಬೆನ್ನು ಎಲ್ಲಿ ನೋಯುತ್ತದೆ, ಎಲ್ಲ ಇದೆ. ಮೊದಲ ಸಾಲಿನಲ್ಲಿ ‘ಹೆಸರು’ ಎಂದಿದ್ದ ಕಡೆ ‘ಹಿಂದಿನ ಮನೆ ಅಕ್ಕ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ, ಆಮೇಲೆ ಕೇಳಿಕೊಂಡರಾಯಿತು ಎಂದು. ಆಮೇಲೆ ಕೇಳಲೇ ಇಲ್ಲ. ಈಗ ಕೇಳಲು ಯಾರೂ ಇಲ್ಲ.