ಅಕ್ಕನ ಚುಕ್ಕಿ ಬಾವಿ

ನಾನು ಓದಿದ್ದು ಏಳನೇ ತರಗತಿವರೆಗೆ. ಆಮೇಲೆ ಆಂಧ್ರದ ಗಡಿಯ ಹಿಂದೂಪುರದಲ್ಲಿ ಬೋರ್ಡು ಬರೆಯುವ ಕೆಲಸಕ್ಕೆ ಸೇರಿದೆ. ಮೇಸ್ತ್ರಿ ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಮಾತು: ಕುಂಚ ಇಟ್ಟರೆ ಗೆರೆ ಮುಗಿಯುವ ತನಕ ಎತ್ತಬಾರದು. ಈ ಒಂದು ಪಾಠವನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅದರಿಂದಲೇ ಅಕ್ಕನ ಮಾತಿಗೆ ಊರಲ್ಲಿ ಬೆಲೆ ಇಲ್ಲದಂತೆ ಮಾಡಿದೆ.

ಅಕ್ಕನನ್ನು ಕೊಟ್ಟಿದ್ದು ಕಂಬದೂರಿನ ಕಡೆಯ ಹಳ್ಳಿಗೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಕಲ್ಯಾಣದುರ್ಗದ ಒಂದು ಸಂಸ್ಥೆಯವರು ಹಳ್ಳಿಗಳಿಗೆ ಬಂದು ಹೆಂಗಸರಿಂದಲೇ ಊರಿನ ನಕ್ಷೆ ಬರೆಸುತ್ತಿದ್ದರು, ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ಅಕ್ಕನೇ ಮುಂದಾಳು. ತಾನು ನಡೆದು ನೋಡಿದ ಹಳ್ಳ, ದಾರಿಗಳಿಗೆ ಗೆರೆ ಎಳೆದಳು. ಬರೀ ಕೇಳಿ ತಿಳಿದದ್ದಕ್ಕೆ ಚುಕ್ಕಿ ಮಾತ್ರ ಇಟ್ಟಳು.

ಊರಲ್ಲಿ ಹಿಂದೆಂದೋ ಮುಚ್ಚಿಹೋದ ಒಂದು ಬಾವಿಯಿತ್ತು. ಅದನ್ನು ಮತ್ತೆ ತೋಡಿಸಬೇಕೆಂದು ಎಲ್ಲರಿಗೂ ಆಸೆ. ಎಲ್ಲಿತ್ತೆಂದು ಕೇಳಿದರೆ ಮೂವರು ಮುದುಕರು ಮೂರು ಕಡೆ ಕೋಲು ಚಾಚಿದರು. ಮೂವರೂ ಅದರಲ್ಲೇ ಈಜು ಕಲಿತವರಂತೆ. ಅಕ್ಕ ಮೂರು ಕಡೆಯೂ ಚುಕ್ಕಿಯ ಸುತ್ತು ಇಟ್ಟಳು: ಹೇಳುವಾಗ ತಡವರಿಸದ ಮುದುಕನ ಜಾಗಕ್ಕೆ ಚುಕ್ಕಿ ಒತ್ತಾಗಿ, ತಡವರಿಸಿದವರ ಜಾಗಕ್ಕೆ ದೂರದೂರ.

ಅದನ್ನೆಲ್ಲ ಹಾಳೆಗಿಳಿಸಿ, ತಗಡಿನ ಮೇಲೆ ಬರೆಸಲು ನನ್ನ ಅಂಗಡಿಗೆ ತಂದಳು.

"ಇದ್ದಂಗೇ ಬರಿ ಕಣ್ಲಾ. ನಿನ್ನ ಬುದ್ಧಿ ಸೇರಿಸ್ಬ್ಯಾಡ."

"ನಂಗೆ ಬುದ್ಧಿ ಇಲ್ಲ ಅಂತ ನೀನೇ ಹೇಳ್ತಿದ್ದೆಲ್ಲಕ್ಕ."

"ಒಸಿ ಐತಲ್ಲ, ಅದ್ನೂ ಸೇರಿಸ್ಬ್ಯಾಡ ಅಂತೀನಿ."

ಅವಳು ಹೋದ ಮೇಲೆ ಹಾಳೆ ಬಿಡಿಸಿದೆ. ರಂಗೋಲಿಯಲ್ಲಿ ಚುಕ್ಕಿ ಇಡುವುದು ಕೂಡಿಸುವುದಕ್ಕಲ್ಲವೇ? ಪಾಪ, ಆತುರದಲ್ಲಿ ಅರ್ಧಕ್ಕೇ ಬಿಟ್ಟಿದ್ದಾಳೆ ಅಂದುಕೊಂಡೆ. ಮುಚ್ಚಿದ ಬಾವಿ ಒಂದೇ, ಸುತ್ತು ಮೂರೇಕೆ? ಚುಕ್ಕಿ ಒತ್ತಾಗಿದ್ದ ಕಡೆ ನೀಲಿ ಬಣ್ಣದಲ್ಲಿ ದುಂಡನೆಯ ಬಾವಿ ಬರೆದೆ, ಕುಂಚ ಎತ್ತದೆ. ಮೇಲೊಂದು ರಾಟೆ, ಹಗ್ಗ. ಉಳಿದೆರಡು ಸುತ್ತನ್ನು ಬಿಟ್ಟೇಬಿಟ್ಟೆ. ಕೊನೆಗೆ ಅವಳ ಹಾಳೆಯಲ್ಲೇ ಕುಂಚ ಒರೆಸಿದೆ.

ತಗಡು ಬಸ್ಸಿನ ಮೇಲೆ ಕಲ್ಯಾಣದುರ್ಗ ಸೇರಿ, ಅಲ್ಲಿಂದ ಅಕ್ಕನ ಊರಿನ ಶಾಲೆಯ ಗೋಡೆ ಏರಿತು. ಅಕ್ಕ ಆಗ ಕುಂದುರ್ಪಿಯ ಕಡೆ ಇನ್ನೊಂದು ಹಳ್ಳಿಯ ನಕ್ಷೆ ಬರೆಸುತ್ತಿದ್ದಳು. ರಾಟೆಯೂ ಇರುವ ಬಾವಿಯನ್ನು ಯಾರು ಅನುಮಾನಿಸುತ್ತಾರೆ? ನಾಲ್ಕು ದಿನ ತೋಡಿದರು. ಬಂಡೆ ಸಿಕ್ಕಿತು. ಅವಳು ವಾಪಸು ಬರುವಷ್ಟರಲ್ಲಿ ಆ ಗುಂಡಿಗೆ 'ಅಕ್ಕಯ್ಯ ಬಾವಿ' ಎಂದು ತೆಲುಗಿನಲ್ಲಿ ಹೆಸರೂ ಬಿದ್ದಿತ್ತು.

ಮಾರನೇ ದಿನವೇ ಅಂಗಡಿಗೆ ಬಂದಳು.

"ನಾನು ಮೂರ್ಕಡೆ ಚುಕ್ಕಿ ಇಟ್ಟಿರ್ಲಿಲ್ವೇನ್ಲಾ?"

"ಹಾಳೇಲಿ ಒಂದೇ ಇತ್ತಕ್ಕ" ಅಂದೆ.

ಹಾಳೆ ಎಲ್ಲಿ ಎಂದು ಕೂಡ ಕೇಳಲಿಲ್ಲ. ತಮ್ಮ ಯಾಕೆ ಸುಳ್ಳು ಹೇಳುತ್ತಾನೆ? "ಹಂಗಾರೆ ನಂದೇ ತಪ್ಪಿರಬೇಕು ಬಿಡು" ಎಂದು ಎದ್ದುಹೋದಳು.

ನಕ್ಷೆಯ ಕೆಲಸ ಬಿಟ್ಟಳು. ನಾನು ಬಾಯಿ ಬಿಡಲಿಲ್ಲ. ಐದು ವರ್ಷದಲ್ಲಿ ಊರಿಗೆಲ್ಲ ಫ್ಲೆಕ್ಸ್ ಬಂದು ನನ್ನ ಕುಂಚಗಳು ಒಣಗಿದವು, ನಾಲಿಗೆ ಅದಕ್ಕೂ ಮೊದಲೇ ಒಣಗಿತ್ತು. ಒಂದು ದಿನ ಅಕ್ಕ ಅಂಗಡಿಯ ಮುಂದೆ ಕೂತಿದ್ದಾಗ ಒಬ್ಬ ಅಜ್ಜಿ ಪರಿಗಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದರು. ಬಸ್ಸು ಎದುರಿಗೇ ನಿಂತಿತ್ತು. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ನಂಗೆ ಸರ್ಯಾಗಿ ಗೊತ್ತಿಲ್ಲ ಕಣಮ್ಮ, ಬ್ಯಾರೆಯೋರ್ನ ಕೇಳು" ಅಂದಳು.

ಅಜ್ಜಿಯನ್ನು ಬಸ್ಸು ಹತ್ತಿಸಿ ಬಂದು ಎಲ್ಲವನ್ನೂ ಹೇಳಿಬಿಟ್ಟೆ.

"ಬಾವಿ ಬರ್ದೆ ಸರಿ. ರಾಟೆ ಯಾಕ್ಲಾ ಬರ್ದೆ?"

"ಚೆಂದಾಗಿ ಕಾಣ್ಲಿ ಅಂತ."

"ಐದು ವರ್ಸ ರಂಗೋಲಿ ಹಾಕೋವಾಗ್ಲೂ ಚುಕ್ಕೀನ ಎರಡೆರಡು ಸಲ ಎಣಿಸ್ತಿದ್ದೆ ಕಣ್ಲಾ ನಾನು" ಅಂದಳು. ನಗಲಿಲ್ಲ. ಎದ್ದು ನಿಂತಳು: "ಬಣ್ಣದ ಡಬ್ಬಿ ತಗೋ, ನಡಿ."

ಅವಳ ಊರಿನ ಶಾಲೆಯ ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿ, ಬೆನ್ನ ಹಿಂದೆ ತಾನು ನಿಂತಳು. ಬಾವಿ, ರಾಟೆಯನ್ನು ಅಳಿಸಿದೆ. ಚುಕ್ಕಿ ಇಡತೊಡಗಿದರೆ ಕೈ ತಾನಾಗಿ ಮುಂದಕ್ಕೆ ಎಳೆಯುತ್ತದೆ. ಒಂದೊಂದು ಚುಕ್ಕಿಗೂ ಹಿಂದಿನಿಂದ "ಎತ್ತು" ಎನ್ನುತ್ತಿದ್ದಳು. ತೋಳು ನೋಯುವ ತನಕ ಎತ್ತಿದೆ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು ನೋಡಿದರು. "ಏನಕ್ಕಯ್ಯಾ, ಬಾವಿ ಒಂದಿದ್ದಿದ್ದು ಮೂರಾಗ್ಬುಡ್ತಾ?"

"ಮೊದ್ಲಿಂದ್ಲೂ ಮೂರೇ ಕಣಪ್ಪ ನಾನು ಹೇಳಿದ್ದು" ಎಂದಳು ಅಕ್ಕ, ಇಡೀ ಬೀದಿಗೆ ಕೇಳುವಂತೆ. "ಈಗ ಹುಡುಕ್ಬೇಕಾಗಿರಾದು ಎರಡೇ. ಒಂದು ಕಡೆ ಇಲ್ಲ ಅನ್ನಾದ್ನ ಈ ನನ್ನ ತಮ್ಮ ಊರಿನವ್ರ ಕೈಲಿ ತೋಡಿಸಿ ನೋಡ್ಬುಟ್ಟವ್ನೆ."